ಸರಿಯಿರುವ ಕೈಗೆ ಸ್ವಲ್ಪ ರಜೆ ಕೊಡಿ

ಸ್ಟ್ರೋಕ್ ಆದವರ ಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಚಪ್ಪಲಿ ಬಿಡುವಾಗಲೇ ಪ್ರಶ್ನೆ ಶುರು: "ಕೈಗೆ ಸ್ವಾಧೀನ ಬರುತ್ತಾ ಮೇಡಂ?" ಅದರ ಬೆನ್ನಿಗೇ ಇನ್ನೊಂದು: "ಆರು ತಿಂಗಳು ಆದ್ಮೇಲೆ ಏನೂ ಆಗಲ್ವಂತೆ, ಹೌದಾ?" ಹೌದು, ಇಲ್ಲ ಅಂತ ಹೇಳುವ ಮೊದಲು ನಾನು ಮನೆಯವರನ್ನು ಗಮನಿಸುತ್ತೇನೆ. ಯಾರು ಸ್ನಾನ ಮಾಡಿಸುತ್ತಾರೆ, ಯಾರು ತಲೆ ಬಾಚುತ್ತಾರೆ, ಲೋಟ ಯಾವ ಕೈಗೆ ಕೊಡುತ್ತಾರೆ.

ಈಗ ನೋಡುತ್ತಿರುವ ನಿವೃತ್ತ ಮೇಷ್ಟ್ರೊಬ್ಬರಿಗೆ ಬಲಗೈ ಬಿದ್ದಿದೆ. ಪೂರ್ತಿ ಅಲ್ಲ, ಬೆರಳು ಚೂರು ಬಿಚ್ಚುತ್ತವೆ, ಮಣಿಕಟ್ಟು ಮೇಲೇಳುತ್ತದೆ. "ಅಂಗಿ ಗುಂಡಿ ನೀವೇ ಹಾಕ್ಕೊಳ್ಳಿ ಸರ್" ಅಂದೆ. ಹೆಬ್ಬೆರಳು ಗುಂಡಿಯ ಅಂಚಿಗೆ ಬಂತು. ತೋರುಬೆರಳು ಅದನ್ನು ಹುಡುಕುತ್ತಾ ಬಟ್ಟೆಯ ಮೇಲೆ ಜಾರಿತು, ಮತ್ತೆ ಬಂತು. ಭುಜ ಕಿವಿಯ ಹತ್ತಿರಕ್ಕೆ ಏರಿತು, ಹಣೆ ಬೆವರಿತು. ಗುಂಡಿ ಇನ್ನೇನು ಕಾಜಾದೊಳಗೆ ನುಸುಳಬೇಕು, ಅಷ್ಟರಲ್ಲಿ ಅವರ ಹೆಂಡತಿ ತಡೆಯಲಾರದೆ ಬಂದು ಟಕ್ಕನೆ ಹಾಕಿಯೇಬಿಟ್ಟರು. "ಪಾಪ, ಎಷ್ಟೊತ್ತು ಅಂತ ಒದ್ದಾಡ್ತಾರೆ ಬಿಡಿ."

ಆ ಒದ್ದಾಟವೇ ಚಿಕಿತ್ಸೆ ಅಮ್ಮ, ಅಂದೆ.

ಸ್ಟ್ರೋಕ್‌ನಲ್ಲಿ ಸತ್ತ ಮೆದುಳಿನ ನರಕೋಶಗಳು ವಾಪಸ್ ಬರುವುದಿಲ್ಲ. ಮೊದಲ ಕೆಲವು ವಾರ ತಾನಾಗಿಯೇ ಒಂದಷ್ಟು ಸುಧಾರಣೆ ಕಾಣುತ್ತದೆ: ಪೆಟ್ಟಾದ ಜಾಗದ ಸುತ್ತ ಊತ ಇಳಿಯುತ್ತದೆ, ಸಾಯದೆ ಬರೀ ಮಂಕಾಗಿದ್ದ ಭಾಗಗಳು ಎಚ್ಚರವಾಗುತ್ತವೆ. ಅದರಾಚೆಗಿನದ್ದೆಲ್ಲ ಉಳಿದ ಕೋಶಗಳು ಹೊಸ ಸಂಪರ್ಕ ಬೆಳೆಸಿಕೊಂಡು ಹೋದವರ ಕೆಲಸ ವಹಿಸಿಕೊಳ್ಳುವುದರಿಂದ. ಅವೂ ಸುಮ್ಮನೆ ವಹಿಸಿಕೊಳ್ಳುವುದಿಲ್ಲ, ಕೆಲಸ ಹೇಳಬೇಕು. ಅಮೆರಿಕದ ನರವಿಜ್ಞಾನಿ ರಾಂಡಾಲ್ಫ್ ನ್ಯೂಡೋ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಸ್ಕ್ವಿರಲ್ ಮಂಕಿ ಎಂಬ ಪುಟ್ಟ ಕೋತಿಗಳ ಮೆದುಳಿನಲ್ಲಿ ಕೈ ಆಡಿಸುವ ಭಾಗದ ಒಂದು ಚೂರಿಗೆ ಪೆಟ್ಟು ಮಾಡಿ, ಸಣ್ಣ ಗುಳಿಯೊಳಗಿನ ತಿಂಡಿಯನ್ನು ಅದೇ ಕೈಯ ಬೆರಳಿನಿಂದ ತೆಗೆಯುವ ಅಭ್ಯಾಸ ಮಾಡಿಸಿದರು. ಅವುಗಳ ಮೆದುಳಿನಲ್ಲಿ ಬೆರಳು ಆಡಿಸುವ ಜಾಗ ಉಳಿಯಿತು, ಕೆಲವುಗಳಲ್ಲಿ ಮೊದಲು ಮೊಣಕೈ ಮತ್ತು ಭುಜಕ್ಕೆ ಸೇರಿದ್ದ ಜಾಗಕ್ಕೂ ಹಬ್ಬಿತು. ಇದಕ್ಕೆ ಮೊದಲಿನ ಪ್ರಯೋಗದಲ್ಲಿ ಅಭ್ಯಾಸವಿಲ್ಲದೆ ಬಿಟ್ಟ ಕೋತಿಗಳಲ್ಲಿ ಪೆಟ್ಟೇ ಬೀಳದ ಪಕ್ಕದ ಜಾಗದಲ್ಲೂ ಕೈಯ ಪಾಲು ಕುಗ್ಗಿತ್ತು. ಉಳುಮೆ ಬಿಟ್ಟ ಹೊಲದ ಬದುವನ್ನು ಪಕ್ಕದವನು ಸರಿಸಿಕೊಂಡ ಹಾಗೆ.

ಇದರ ಇನ್ನೊಂದು ಮುಖ ತೋರಿಸಿದವರು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್. ಕೋತಿಯ ಒಂದು ಕೈಯಿಂದ ಸ್ಪರ್ಶ ಒಯ್ಯುವ ನರ ಕತ್ತರಿಸಿದರೆ ಅದು ಆ ಕೈಯನ್ನು ಬಿಟ್ಟೇಬಿಡುತ್ತದೆ. ಆಡಿಸುವ ನರ ಮಾತ್ರ ಸರಿಯಾಗೇ ಇರುತ್ತದೆ! ಇನ್ನೊಂದು ಕೈಯನ್ನು ಕಟ್ಟಿಹಾಕಿದಾಗ ಜೋತುಬಿದ್ದ ಕೈ ಕೆಲಸಕ್ಕೆ ಇಳಿಯಿತು. ಪ್ರಯತ್ನಿಸಿ ಸೋತು, ಸೋತು, ಕೊನೆಗೆ ಬಳಸದಿರುವುದನ್ನೇ ಮೆದುಳು ಕಲಿತುಬಿಟ್ಟಿರುತ್ತದೆ ಅನ್ನುವುದು ಅವರ ವಾದ. ನಾವು ಮನುಷ್ಯರು ಇನ್ನೂ ಜಾಣರು, ನಮಗೆ ಗುಂಡಿ ಹಾಕಿಕೊಡುವವರೂ ಇರುತ್ತಾರೆ.

ಅಲ್ಲಿಂದಲೇ ಸರಿಯಿರುವ ಕೈಗೆ ದಪ್ಪ ಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ಬಂತು. 2006ರಲ್ಲಿ ಪ್ರಕಟವಾದ ಎಕ್ಸೈಟ್ ಎಂಬ ಅಮೆರಿಕದ ಅಧ್ಯಯನದಲ್ಲಿ 222 ಜನ ಇದ್ದರು, ಎಲ್ಲರಿಗೂ ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾಗಿತ್ತು. ಎರಡು ವಾರ ಈ ಚಿಕಿತ್ಸೆ ಪಡೆದವರ ಕೈ ಮಾಮೂಲಿ ಆರೈಕೆಯವರಿಗಿಂತ ಹೆಚ್ಚು ಸುಧಾರಿಸಿತು, ಒಂದು ವರ್ಷದ ಮೇಲೂ ಆ ಲಾಭ ಉಳಿದಿತ್ತು. ಇನ್ನೊಂದು ಗುಂಪಿಗೆ ವರ್ಷ ತಡವಾಗಿ ಕೊಟ್ಟಾಗ ಅವರಿಗೂ ಪ್ರಯೋಜನವಾಯಿತು. ಆರು ತಿಂಗಳ ಗಡುವಿನ ಮಾತಿಗೆ ನನ್ನ ಉತ್ತರ ಇದು. ಮೊದಲ ತಿಂಗಳುಗಳಲ್ಲಿ ವೇಗ ಹೆಚ್ಚು, ಆಮೇಲೆ ನಿಧಾನ. ಬಾಗಿಲು ಮುಚ್ಚುವ ತಾರೀಖು ಅಂತೇನೂ ಇಲ್ಲ.

ಆದರೆ ವಿಡಿಯೋಗಳಲ್ಲಿ ಕೂಗುವವರ ಹಾಗೆ "ಮೆದುಳು ಏನು ಬೇಕಾದರೂ ಮಾಡುತ್ತೆ" ಅಂತ ನಾನು ಹೇಳಲಾರೆ. ಗವಸಿನ ಚಿಕಿತ್ಸೆಗೆ ಬೆರಳು, ಮಣಿಕಟ್ಟು ಒಂದಿಷ್ಟಾದರೂ ಸ್ವಂತವಾಗಿ ಮೇಲೇಳಬೇಕು. ಒಂದಿನಿತೂ ಅಲುಗದ ಕೈಗೆ ಅದು ಬರೀ ಹಿಂಸೆ. ಆತುರವೂ ಕೂಡದು. ಅವರ್ಟ್ ಎಂಬ ಅಧ್ಯಯನದಲ್ಲಿ 2104 ಜನರ ಪೈಕಿ ಒಂದು ಗುಂಪನ್ನು ಸ್ಟ್ರೋಕ್ ಆದ 24 ಗಂಟೆಯೊಳಗೇ ಎಬ್ಬಿಸಿ ಪದೇ ಪದೇ ಕೂರಿಸಿ, ನಿಲ್ಲಿಸಿ, ನಡೆದಾಡಿಸಿದರು. ಮೂರು ತಿಂಗಳ ನಂತರ ನೋಡಿದರೆ, ಮಾಮೂಲಿ ಆರೈಕೆ ಪಡೆದವರಲ್ಲೇ ಚೆನ್ನಾಗಿ ಚೇತರಿಸಿಕೊಂಡವರು ಹೆಚ್ಚಿದ್ದರು.

ಇನ್ನು ನಮ್ಮ ವೃತ್ತಿಯವರ ವಿಷಯ. 2009ರ ಅಧ್ಯಯನವೊಂದರಲ್ಲಿ ಥೆರಪಿಯ ಹೊತ್ತಿನಲ್ಲಿ ಸೋತ ಕೈ ಎಷ್ಟು ಸಲ ನಿಜವಾದ ಕೆಲಸ ಮಾಡುತ್ತದೆ ಅಂತ ಎಣಿಸಿದರು. ಒಂದು ಸಲದ ಥೆರಪಿಗೆ ಸರಾಸರಿ 32. ಪ್ರಾಣಿಗಳ ಪ್ರಯೋಗದಲ್ಲಿ ಅದು ದಿನಕ್ಕೆ ನೂರಾರು ಸಲ! ನಾನು ಬಂದು ಹೋಗುವ ಒಂದು ಗಂಟೆಯಲ್ಲಿ ಈ ಲೆಕ್ಕ ತುಂಬುವುದಿಲ್ಲ. ಉಳಿದ ಹೊತ್ತು ಲೋಟ ಹಿಡಿಯುವುದು, ನಲ್ಲಿ ತಿರುಗಿಸುವುದು, ಬಟ್ಟೆ ಮಡಚುವುದು ಎಲ್ಲವೂ ಆ ಕೈಗೇ ಬರಬೇಕು. ಮುಂದಕ್ಕೆ ಕೈ ಚಾಚುವ ಬದಲು ಸೊಂಟವನ್ನೇ ಬಗ್ಗಿಸಿ ವಸ್ತು ಮುಟ್ಟುವ ಕಳ್ಳದಾರಿಯನ್ನೂ ಗಮನಿಸಬೇಕು, ಏಕೆಂದರೆ ಮೆದುಳು ಅದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯುತ್ತದೆ.

ಎಬ್ಬಿಸುವಾಗ ಮಾತ್ರ ದಯವಿಟ್ಟು ಸೋತ ಕೈ ಹಿಡಿದು ಎಳೆಯಬೇಡಿ. ಸ್ನಾಯು ಬಿಗಿ ಕಳೆದುಕೊಂಡ ಭುಜದ ಕೀಲು ಸುಲಭವಾಗಿ ಜಾರುತ್ತದೆ, ಆಮೇಲೆ ನೋವಿಗೆ ಹೆದರಿ ಅವರು ಆ ಕೈಯನ್ನು ಎತ್ತುವುದೇ ಇಲ್ಲ. ಸೊಂಟದ ಹತ್ತಿರ ಆಸರೆ ಕೊಟ್ಟು ಏಳಿಸಿ.