ಓಪನ್‌ಡಬ್ಲ್ಯೂಆರ್‌ಟಿ ರೂಟರ್: ವಿಡಿಯೋ ಕಾಲ್ ಮೊದಲು, ಬ್ಯಾಕಪ್ ಆಮೇಲೆ

ನಮ್ಮ ಮನೆಯ ಲೈನು 40 ಎಂಬಿಪಿಎಸ್. ಫೋನಿನಲ್ಲಿ ಫೋಟೋ ಬ್ಯಾಕಪ್ ಶುರುವಾದರೆ ಸಾಕು, ವಿಡಿಯೋ ಕಾಲ್‌ನಲ್ಲಿ ಮಾತು ತುಂಡು ತುಂಡಾಗುತ್ತಿತ್ತು. ಇದಕ್ಕೆ ದೊಡ್ಡ ಪ್ಲಾನ್ ಮದ್ದಲ್ಲ. ಪ್ಯಾಕೆಟ್‌ಗಳು ಸಾಲುಗಟ್ಟಿ ನಿಲ್ಲುವುದು ಮೋಡೆಮ್ಮಿನ ಬಫರಿನಲ್ಲಿ. ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಆ ಸಾಲನ್ನು ಮೊದಲು ಓಪನ್‌ಡಬ್ಲ್ಯೂಆರ್‌ಟಿ (ರೂಟರಿಗಾಗಿ ಮಾಡಿದ ಲಿನಕ್ಸ್) ಇರುವ ನಮ್ಮ ರೂಟರಿಗೆ ಎಳೆದುಕೊಳ್ಳಬೇಕು.

ಅದು ಆಗಿದೆ. ಎಸ್‌ಕ್ಯೂಎಂ (ಸಾಲು ನಿಭಾಯಿಸುವ) ಪ್ಯಾಕೇಜ್ ಹಾಕಿ, ಅದರಲ್ಲಿ ಪ್ಯಾಕೆಟ್‌ಗಳ ಸರದಿ ನಿರ್ಧರಿಸುವ ಕೇಕ್ ಆರಿಸಿ, ಸಾಲು ಮೋಡೆಮ್ಮಿನ ಬದಲು ರೂಟರಿನಲ್ಲೇ ನಿಲ್ಲಲಿ ಅಂತ ಎರಡೂ ದಿಕ್ಕಿಗೆ ಲೈನಿಗಿಂತ ಸ್ವಲ್ಪ ಕಡಿಮೆ, 36 ಎಂಬಿಪಿಎಸ್ ಮಿತಿ ಕೊಟ್ಟಿದ್ದೇನೆ. ಕೇಕ್ 2018ರ ಲಿನಕ್ಸ್ 4.19ರಿಂದ ಕರ್ನಲ್‌ನಲ್ಲೇ ಇದೆ. ಫ್ಲೋ ಆಫ್‌ಲೋಡಿಂಗ್ (ವೇಗಕ್ಕಾಗಿ ಪ್ಯಾಕೆಟ್‌ಗಳನ್ನು ನೇರ ದಾಟಿಸುವ ಸೆಟ್ಟಿಂಗ್) ಆಫ್ ಮಾಡಲೇಬೇಕು, ಇಲ್ಲದಿದ್ದರೆ ಪ್ಯಾಕೆಟ್‌ಗಳು ಅಡ್ಡದಾರಿ ಹಿಡಿದು ನಮ್ಮ ನಿಯಮಗಳನ್ನೇ ದಾಟಿಹೋಗುತ್ತವೆ. ಇಷ್ಟರಲ್ಲೇ ಮುಕ್ಕಾಲು ತೊಂದರೆ ಹೋಯಿತು.

ಉಳಿದ ಕಾಲು ಭಾಗಕ್ಕೆ ಫಿಲ್ಟರ್, ಅಂದರೆ ಪ್ಯಾಕೆಟ್‌ಗಳನ್ನು ವಿಂಗಡಿಸುವ ನಿಯಮಗಳು. ಕೇಕ್‌ನ ಡಿಫ್‌ಸರ್ವ್4 ಮೋಡ್‌ನಲ್ಲಿ ನಾಲ್ಕು ಡಬ್ಬಿಗಳಿವೆ: ಬಲ್ಕ್, ಬೆಸ್ಟ್ ಎಫರ್ಟ್, ವಿಡಿಯೋ, ವಾಯ್ಸ್. ಯಾವುದಕ್ಕೆ ಹೋಗಬೇಕು ಅನ್ನುವುದನ್ನು ಪ್ಯಾಕೆಟ್‌ನ ತಲೆಭಾಗದಲ್ಲಿರುವ ಡಿಎಸ್‌ಸಿಪಿ ಎಂಬ ಆದ್ಯತೆಯ ಗುರುತು ಹೇಳುತ್ತದೆ. ಟೀಮ್ಸ್ ಕಾಲ್ ಗುರುತಿಸುವುದು ಸುಲಭ, ಯುಡಿಪಿ 3478ರಿಂದ 3481ರವರೆಗಿನ ಪೋರ್ಟ್‌ಗಳು. ರೂಟರಿನ ಫೈರ್‌ವಾಲ್ ನಿಯಮ ಬರೆಯುವ ಎನ್‌ಎಫ್‌ಟೇಬಲ್ಸ್‌ನಲ್ಲಿ ಒಂದು ನಿಯಮ ಬರೆದು ಆ ಪ್ಯಾಕೆಟ್‌ಗಳಿಗೆ ವಿಡಿಯೋ ಡಬ್ಬಿಗೆ ಕಳಿಸುವ ಎಎಫ್41 ಗುರುತು ಹಾಕಿದೆ. ಆದರೆ ಬ್ಯಾಕಪ್ ಹೋಗುವುದು 443ರಲ್ಲಿ, ಉಳಿದೆಲ್ಲ ವೆಬ್ ಟ್ರಾಫಿಕ್ ಜೊತೆಗೇ. ಪೋರ್ಟ್ ನೋಡಿ ಬೇರ್ಪಡಿಸೋಕೆ ಆಗಲ್ಲ. ಅದಕ್ಕೇ ಕನೆಕ್ಷನ್ ಎಷ್ಟು ಬೈಟ್ ಕಳಿಸಿದೆ ಅಂತ ನೋಡುವ ನಿಯಮ ಬರೆದೆ: 10 ಎಂಬಿ ದಾಟಿದರೆ ಸಿಎಸ್1 ಗುರುತು, ಅಂದರೆ ಸೀದಾ ಬಲ್ಕ್ ಡಬ್ಬಿಗೆ. ಇದಕ್ಕೆ ಕಾನ್‌ಟ್ರ್ಯಾಕ್‌ನ (ಕನೆಕ್ಷನ್‌ಗಳ ಪಟ್ಟಿ ಇಡುವ ಕರ್ನಲ್ ಭಾಗ) ಬೈಟ್ ಲೆಕ್ಕ ಇಡುವ ಸೆಟ್ಟಿಂಗ್ ಆನ್ ಇರಬೇಕು. ಈ ನಿಯಮ ನನಗೆ ತುಂಬಾ ಇಷ್ಟ. ಯಾವ ಆ್ಯಪ್, ಯಾವ ಫೋನ್ ಅಂತ ಕೇಳುವುದೇ ಇಲ್ಲ.

ನಿಜವಾದ ಕಗ್ಗಂಟು ಡೌನ್‌ಲೋಡ್ ಕಡೆ. ಒಳಬರುವ ಪ್ಯಾಕೆಟ್ ಮೊದಲು ಐಎಫ್‌ಬಿ ಎಂಬ ವರ್ಚುವಲ್ ಇಂಟರ್‌ಫೇಸ್ ಮೂಲಕ ಕೇಕ್‌ಗೆ ಹೋಗುತ್ತದೆ, ಎನ್‌ಎಫ್‌ಟೇಬಲ್ಸ್ ಅದನ್ನು ನೋಡುವುದು ಆಮೇಲೆ. ಗುರುತು ಹಾಕುವ ಹೊತ್ತಿಗೆ ಸರದಿ ಮುಗಿದಿರುತ್ತದೆ, ಅಲ್ವಾ? ದಾರಿ ಇಷ್ಟು: ಹೊರಹೋಗುವಾಗಲೇ ಕನೆಕ್ಷನ್ ಮೇಲೆ ಒಂದು ಮಾರ್ಕ್ ಬರೆದಿಡಬೇಕು. ಎಎಫ್41ರ ಸಂಖ್ಯೆ 34, ‘ಇದು ನಾನು ಬರೆದದ್ದು’ ಅನ್ನೋದಕ್ಕೆ 128 ಸೇರಿಸಿದರೆ 162. ಸಿಎಸ್1ರದ್ದು 8, ಹಾಗಾಗಿ 136. ಉತ್ತರ ಬಂದಾಗ ಟಿಸಿಯ (ಲಿನಕ್ಸ್‌ನ ಟ್ರಾಫಿಕ್ ನಿಯಂತ್ರಣ ಸಾಧನ) ಸಿಟಿಇನ್ಫೋ ಎಂಬ ಕ್ರಿಯೆ ಆ ಮಾರ್ಕ್‌ನಿಂದ ಡಿಎಸ್‌ಸಿಪಿಯನ್ನು ತೆಗೆದು ಪ್ಯಾಕೆಟ್‌ಗೆ ಹಚ್ಚುತ್ತದೆ, ಆಮೇಲೆ ಪ್ಯಾಕೆಟ್ ಐಎಫ್‌ಬಿಗೆ ಹೋಗುತ್ತದೆ. ಎಸ್‌ಕ್ಯೂಎಂ ಸ್ಕ್ರಿಪ್ಟ್‌ನಲ್ಲಿ ಆ ಒಂದು ಸಾಲು ತಿದ್ದಿ, ಒಳಬರುವ ಕಡೆಗೂ ಡಿಫ್‌ಸರ್ವ್4 ಕೊಟ್ಟೆ.

ಈಗ ಟಿಸಿಯ ಅಂಕಿಅಂಶ ತೆಗೆದರೆ ಎರಡೂ ದಿಕ್ಕಿನಲ್ಲಿ ವಿಡಿಯೋ, ಬಲ್ಕ್ ಕಾಲಂಗಳು ಏರುತ್ತಿವೆ. ಬ್ಯಾಕಪ್ ಓಡುತ್ತಿದ್ದರೂ ಕಾಲ್ ಸಲೀಸು. ಐಪಿವಿ6ಗೆ ಡಿಎಸ್‌ಸಿಪಿ ನಿಯಮ ಬೇರೆಯೇ ಬರೆಯಬೇಕು, ಅದು ಬಾಕಿ ಇದೆ. ಮುಂದಿನ ಕೆಲಸ ಅದೇ.