ಸ್ವೀಟ್ ಬಾಕ್ಸ್‌ನಲ್ಲಿ 163 ಇಂಗ್ಲಿಷ್ ಪದ: ಆರನೇ ವಾರ

ದಿನಕ್ಕೆ 5 ಪದ ಅಂತ ಶುರು ಮಾಡಿದ್ದೆ. ಆರು ವಾರಕ್ಕೆ 210 ಆಗಬೇಕಿತ್ತು, ಆಗಿರುವುದು 163. ನಡುವೆ ಊರಿನ ಜಾತ್ರೆ ಬಂತು. ಉಳಿದದ್ದು ಸುಮ್ನೆ ಸೋಮಾರಿತನ.

ಮೊದಲ ಸಲ ಓದುವವರಿಗೆ: ಹಳೇ ಸ್ವೀಟ್ ಬಾಕ್ಸ್‌ನೊಳಗೆ ರಟ್ಟು ಅಡ್ಡ ಇಟ್ಟು 5 ಖಾನೆ ಮಾಡಿದ್ದೇನೆ. ಚೀಟಿಯ ಮುಂದೆ ಇಂಗ್ಲಿಷ್ ಪದ, ಹಿಂದೆ ಕನ್ನಡ ಅರ್ಥ. ಸರಿಯಾಗಿ ಹೇಳಿದರೆ ಚೀಟಿ ಮುಂದಿನ ಖಾನೆಗೆ. ತಪ್ಪಿದರೆ, ಎಷ್ಟೇ ಮುಂದೆ ಹೋಗಿದ್ದರೂ, ಮೊದಲನೆಯದಕ್ಕೆ ವಾಪಸ್. ಮೊದಲ ಖಾನೆಯ ಚೀಟಿ ದಿನಾ ನೋಡಬೇಕು, ಮುಂದಿನವನ್ನು ಅಪರೂಪಕ್ಕೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕ 1972ರಲ್ಲಿ ಹೇಳಿಕೊಟ್ಟ ಉಪಾಯ ಇದು. ನನ್ನ ಐದನೇ ಖಾನೆಯಲ್ಲಿ ಸದ್ಯಕ್ಕೆ 31 ಚೀಟಿ.

ತಮಾಷೆ ಅಂದರೆ, ಹೊಸ ಪದಗಳು ಅಷ್ಟು ಕಷ್ಟ ಕೊಡುತ್ತಿಲ್ಲ. ‘ಟೀಡಿಯಸ್’ (ಬೇಸರ ಹಿಡಿಸುವ) ಚೀಟಿಯ ಹಿಂದೆ ‘ಎರಡು ಸೇರು ಅವರೆಕಾಳು ಹಿದುಕುವ ಕೆಲಸ’ ಅಂತ ಬರೆದೆ. ಮರೆತೇ ಇಲ್ಲ. ಕಾಡುವುದು ದಿನಾ ಬಾಯಲ್ಲಿರುವ ಪದಗಳೇ. ‘ಸಾಲ ಸ್ಯಾಂಕ್ಷನ್ ಆಯ್ತು’ ಅನ್ನುವುದನ್ನು ಕೇಳುತ್ತಲೇ ಬೆಳೆದವನು ನಾನು. ಇರಾನ್ ಮೇಲೆ ಅಮೆರಿಕದ ಸ್ಯಾಂಕ್ಷನ್ ಅಂತ ಪೇಪರ್‌ನಲ್ಲಿ ಓದಿ, ದುಡ್ಡೇನೋ ಮಂಜೂರಾಗಿದೆ ಅಂದುಕೊಂಡಿದ್ದೆ! ಅಲ್ಲಿ ಅದು ನಿರ್ಬಂಧ. ‘ಓವರ್‌ಸೈಟ್’ ಕೂಡ ಇದೇ ಜಾತಿ. ಮೇಲ್ವಿಚಾರಣೆಯೂ ಹೌದು, ಕಣ್ತಪ್ಪೂ ಹೌದು. ಇಂಥವಕ್ಕೆ ಈಗ ಎರಡೆರಡು ಚೀಟಿ, ಪದದ ಬದಲು ಇಡೀ ವಾಕ್ಯ.

ಆಫೀಸ್ ಮೀಟಿಂಗ್‌ನಲ್ಲಿ ‘ಸಬ್‌ಟಲ್’ (ಸೂಕ್ಷ್ಮ) ಅಂದು ನಗೆಪಾಟಲಾದೆ. ಅದು ‘ಸಟಲ್’ ಅಂತೆ. ‘ಡೆಟ್’ (ಸಾಲ), ‘ಡೌಟ್’ ಥರ ಇಲ್ಲೂ ‘ಬಿ’ ಬರೆಯುವುದಕ್ಕಷ್ಟೇ. ಮೊದಲು ಜನ ‘ಡೆಟ್’ ಅನ್ನು ‘ಬಿ’ ಇಲ್ಲದೆಯೇ ಬರೆಯುತ್ತಿದ್ದರು. ಲ್ಯಾಟಿನ್ ಮೂಲ ಕಾಣಲಿ ಅಂತ ಪಂಡಿತರು ಆಮೇಲೆ ತುರುಕಿದರು. ಅವರ ಶೋಕಿಗೆ ನಾವು ಬೈಸಿಕೊಳ್ಳಬೇಕು, ಅಲ್ವಾ?

ಅತಿ ಹಠಮಾರಿ ಚೀಟಿ ‘ರಿಲಕ್ಟೆಂಟ್’. ನಾಲ್ಕು ಸಲ ವಾಪಸ್ ಬಂತು. ನಿಘಂಟು ನೋಡಿ ‘ಅನಿಚ್ಛೆಯುಳ್ಳ’ ಅಂತ ಬರೆದಿದ್ದೆ, ಅದೇ ತಲೆಗೆ ಹತ್ತುತ್ತಿರಲಿಲ್ಲ. ಈಗ ಹಿಂದೆ ಬರೆದಿರುವುದು: ‘ನನ್ನ ತಮ್ಮ ಒಲ್ಲದ ಮನಸ್ಸಿನಿಂದ ಬೈಕ್ ಕೀ ಕೊಟ್ಟ.’ ಅವನ ಮುಖ ಕಣ್ಣ ಮುಂದೆ ಬರುತ್ತದೆ. ಚೀಟಿ ಮೂರನೇ ಖಾನೆಗೆ ಹೋಗಿದೆ.

ಮುಂದಿನ ವಾರದಿಂದ ದಿನಕ್ಕೆ 3 ಪದ ಸಾಕು. ಮೊದಲ ಖಾನೆಯಲ್ಲೇ 47 ಚೀಟಿ ಕೂತಿವೆ, ಮುಚ್ಚಳ ಹಾಕಲು ಆಗುತ್ತಿಲ್ಲ.