ಸ್ಕ್ಯಾನ್ ನಾರ್ಮಲ್, ತೊಡೆಸಂದು ನೋವು ಮಾತ್ರ ಹಾಗೇ ಇದೆ: ಓಪಿಡಿಯಲ್ಲಿ ಕಾರಣ ಹುಡುಕುವ ಬಗೆ

ತೊಡೆಸಂದು ನೋವೆಂದು ಬರುವ ಹೆಂಗಸರ ಫೈಲುಗಳು ಹೆಚ್ಚಾಗಿ ಒಂದೇ ದಾರಿಯಲ್ಲಿ ಸಾಗಿರುತ್ತವೆ. ಮೂತ್ರ ಪರೀಕ್ಷೆ, ಹೊಟ್ಟೆಯ ಅಲ್ಟ್ರಾಸೌಂಡ್, ಎರಡೂ ನಾರ್ಮಲ್, ಕೊನೆಗೊಂದಿಷ್ಟು ನೋವಿನ ಮಾತ್ರೆ. 'ಕಾರಣ ತಿಳಿದಿಲ್ಲ' ಎಂಬ ಷರಾ ಬೀಳುವುದು ಇಲ್ಲೇ. ಆದರೆ ಆ ಸ್ಕ್ಯಾನ್ ನೋಡಿದ್ದು ಗರ್ಭಕೋಶ, ಅಂಡಾಶಯ, ಮೂತ್ರಕೋಶಗಳನ್ನು. ಹಿಪ್ ಜಾಯಿಂಟನ್ನು, ಅಂದರೆ ತೊಡೆ ಸೊಂಟಕ್ಕೆ ಸೇರುವ ಕೀಲನ್ನು, ಅದು ನೋಡಿಲ್ಲ. ತೊಡೆಮೂಳೆಯ ಕುತ್ತಿಗೆಯನ್ನೂ (ಮೇಲ್ತುದಿಯ ಗುಂಡಿನ ಕೆಳಗಿನ ಕಿರಿದಾದ ಭಾಗ) ನೋಡಿಲ್ಲ. ಮಲಗಿದ ಕೂಡಲೇ ಒಳಗೆ ಸರಿದುಬಿಡುವ ಹರ್ನಿಯಾವನ್ನಂತೂ ನೋಡುವ ಮಾತೇ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಹಳೆಯ ರಿಪೋರ್ಟ್ ತಿರುವಿಹಾಕುವ ಮೊದಲು, ಅದರಲ್ಲಿ ಯಾವ ಭಾಗವನ್ನು ನೋಡಿಲ್ಲ ಎಂದು ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ತಡಮಾಡಬಾರದ ಸ್ಥಿತಿಗಳನ್ನು ಮೊದಲೇ ಬದಿಗಿಡಬೇಕು. ಮುಟ್ಟು ನಿಲ್ಲದ ವಯಸ್ಸಿನವರಿಗೆ ಒಂದೇ ಬದಿಯಲ್ಲಿ ಹೊಸದಾಗಿ ನೋವು ಬಂದಿದ್ದರೆ ಎಕ್ಸ್-ರೇಗೆ ಮುಂಚೆ ಪ್ರೆಗ್ನೆನ್ಸಿ ಟೆಸ್ಟ್ ಆಗಲೇಬೇಕು. ಗರ್ಭಕೋಶದ ಹೊರಗೆ ನಿಂತ ಬಸಿರು ಹೀಗೆಯೇ ಶುರುವಾಗಬಹುದು. ಜೊತೆಗೆ ತಲೆಸುತ್ತು, ಭುಜದ ತುದಿಯಲ್ಲಿ ನೋವು ಇದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಹಠಾತ್ತನೆ ತೀವ್ರ ನೋವು, ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರುವ ಸಾಧ್ಯತೆ ಇದೆ. ಡಾಪ್ಲರ್‌ನಲ್ಲಿ ರಕ್ತದ ಹರಿವು ಕಂಡಿತೆಂದು ಆ ಅನುಮಾನವನ್ನು ಕೈಬಿಡಬಾರದು. ಕಿಡ್ನಿ ಸ್ಟೋನ್ ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆ, ರೋಗಿ ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಜ್ವರ ಇದ್ದು ತೊಡೆಯನ್ನು ಮಡಚಿಯೇ ಇಟ್ಟುಕೊಂಡಿದ್ದರೆ ಹಿಪ್ ಜಾಯಿಂಟಿನಲ್ಲಿ ಅಥವಾ ಬೆನ್ನುಮೂಳೆಯಿಂದ ತೊಡೆಗೆ ಇಳಿಯುವ ಸೋಆಸ್ ಸ್ನಾಯುವಿನಲ್ಲಿ ಕೀವು ತುಂಬಿದೆಯೇ ಎಂದು ಅದೇ ದಿನ ನೋಡಬೇಕು. ಬಸುರಿಯರಲ್ಲಿ, ಬಾಣಂತಿಯರಲ್ಲಿ ಒಂದೇ ಕಾಲು, ಅದರಲ್ಲೂ ಎಡಗಾಲು ಇಡಿಯಾಗಿ ಊದಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು.

ಇವ್ಯಾವುವೂ ಅಲ್ಲವೆಂದಾದ ಮೇಲೆ ಒಂದೇ ಬೆರಳಿನಿಂದ ನೋವಿನ ಜಾಗ ತೋರಿಸಲು ಹೇಳಿ. ಸಂಕೋಚದಿಂದ ಹಲವರು 'ಹೊಟ್ಟೆಯ ಕೆಳಗೆ' ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ, ಫೈಲಿನಲ್ಲಿ ಅದು 'ಹೊಟ್ಟೆನೋವು' ಆಗಿಬಿಡುತ್ತದೆ. ಕೆಲವರು ಬೆರಳಿಡುವ ಬದಲು ಹೆಬ್ಬೆರಳನ್ನು ಹಿಂದಕ್ಕೂ ಉಳಿದ ಬೆರಳುಗಳನ್ನು ಮುಂದಕ್ಕೂ ಇಟ್ಟು ಹಿಪ್ಪಿನ ಪಕ್ಕವನ್ನೇ ಹಿಡಿದು ತೋರಿಸುತ್ತಾರೆ. ಅದು ಕೀಲಿನೊಳಗಿನ ನೋವಿನ ಗುರುತು. ಪಕ್ಕದ ಮೂಳೆಯ ಉಬ್ಬನ್ನಷ್ಟೇ ಮುಟ್ಟಿ ತೋರಿಸಿದರೆ ಅದು ಹೆಚ್ಚಾಗಿ ಪೃಷ್ಠದ ಸ್ನಾಯುರಜ್ಜುವಿನ ತೊಂದರೆ. ಅದರ ಚಿಕಿತ್ಸೆಯೇ ಬೇರೆ.

ಹಿಪ್ ಜಾಯಿಂಟನ್ನು ಪರೀಕ್ಷಿಸಲು ಎರಡು ನಿಮಿಷ ಸಾಕು. ಅಂಗಾತ ಮಲಗಿಸಿ, ಮೊಣಕಾಲು ಮಡಚಿ, ತೊಡೆಯನ್ನು 90 ಡಿಗ್ರಿಗೆ ಎತ್ತಿ, ಇನ್ನೊಂದು ಕಾಲಿನ ಕಡೆಗೆ ತಂದು, ಪಾದವನ್ನು ಹೊರಕ್ಕೆ ಸರಿಸಿ. ಆಗ ತೊಡೆ ಒಳಮುಖವಾಗಿ ತಿರುಗುತ್ತದೆ. ತಮ್ಮದೇ ಹಳೆಯ ನೋವು ತೊಡೆಸಂದಿನಲ್ಲಿ ಬಂತೆಂದರೆ ಕೀಲಿನ ಮೇಲೆ ಅನುಮಾನ ಇಡಿ. ಈ ಪರೀಕ್ಷೆ ಬೇರೆ ಕಾರಣಗಳಿಗೂ ನೋವು ತರಿಸುತ್ತದೆ, ಹಾಗಾಗಿ ಇದೊಂದನ್ನೇ ನೆಚ್ಚಿಕೊಂಡು ರೋಗ ನಿರ್ಧರಿಸಬೇಡಿ. ನೋವು ಬರಲೇ ಇಲ್ಲವೆಂದರೆ ಕೀಲಿನ ಸಾಧ್ಯತೆ ಕಡಿಮೆ. ಕೀಲು ಸವೆದವರಲ್ಲಿ ಮೊದಲು ಕುಗ್ಗುವುದೂ ಈ ಒಳತಿರುಗುವಿಕೆಯೇ. ಕಾಲ್ಬೆರಳ ಉಗುರು ಕತ್ತರಿಸುವುದು, ಕಾಲುಚೀಲ ಹಾಕುವುದು ಕಷ್ಟವೇ ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕಂತೆ. ವಯಸ್ಸು ಚಿಕ್ಕದು, ತಿರುಗುವಾಗ ಒಳಗೆ ಸಿಕ್ಕಿಹಾಕಿಕೊಂಡಂತೆ, ಕಟಕ್ ಎಂದಂತೆ ಆಗುತ್ತದೆ ಎಂದರೆ ಕೀಲಿನ ಬಟ್ಟಲಿನ ಅಂಚಿನ ಮೆದುಮೂಳೆ ಬಳೆ, ಅಂದರೆ ಲೇಬ್ರಮ್, ಹರಿದಿರಬಹುದು. ಹುಟ್ಟಿನಿಂದ ಕೀಲಿನ ಬಟ್ಟಲು ಆಳವಿಲ್ಲದಿರುವುದೂ ಇದಕ್ಕೆ ಒಂದು ಕಾರಣ, ಅದು ಹೆಂಗಸರಲ್ಲೇ ಹೆಚ್ಚು.

ಕೈತಪ್ಪಿದರೆ ಅತಿ ದುಬಾರಿಯಾಗುವುದು ತೊಡೆಮೂಳೆ ಕುತ್ತಿಗೆಯ ಸ್ಟ್ರೆಸ್ ಫ್ರಾಕ್ಚರ್, ಅಂದರೆ ಪದೇ ಪದೇ ಭಾರ ಬಿದ್ದು ಮೂಡುವ ಬಿರುಕು. ಓಟ, ನಡಿಗೆ, ಕವಾಯತನ್ನು ಇದ್ದಕ್ಕಿದ್ದಂತೆ ಹೆಚ್ಚಿಸಿದ ಯುವತಿಯರು, ಊಟ ಕಡಿಮೆ ಮಾಡಿ ಮುಟ್ಟು ತಪ್ಪಿದವರು, ಮೂಳೆ ಸವೆದ ಹಿರಿಯರು, ದೀರ್ಘಕಾಲ ಸ್ಟಿರಾಯ್ಡ್ ತೆಗೆದುಕೊಂಡವರು ಈ ಗುಂಪಿಗೆ ಸೇರುತ್ತಾರೆ. ಕಾಲೂರಿದರೆ ನೋವು, ಕೂತರೆ ಕಡಿಮೆ. ಮೊದಲ ಕೆಲವು ವಾರ ಎಕ್ಸ್-ರೇ ಪೂರ್ತಿ ನಾರ್ಮಲ್ ಇರಬಹುದು, ಎಂಆರ್‌ಐನಲ್ಲಿ ಬೇಗ ಕಾಣುತ್ತದೆ. ಬಿರುಕು ಕುತ್ತಿಗೆಯ ಕೆಳಬದಿಯಲ್ಲಿದ್ದು ಚಿಕ್ಕದಿದ್ದರೆ ಊರುಗೋಲು ಹಿಡಿದು ವಾಸಿಯಾಗುವುದುಂಟು. ಮೇಲ್ಬದಿಯದು ನಡೆಯುತ್ತಾ ನಡೆಯುತ್ತಾ ಬಾಯ್ಬಿಟ್ಟು ಮೂಳೆ ಸರಿದುಹೋಗಬಹುದು, ಅದಕ್ಕೆ ಸಾಮಾನ್ಯವಾಗಿ ಸ್ಕ್ರೂ ಹಾಕಬೇಕಾಗುತ್ತದೆ. ಅನುಮಾನ ಬಂದ ಮೇಲೆ ಒಂಟಿಕಾಲಲ್ಲಿ ಕುಪ್ಪಳಿಸಿ ತೋರಿಸಿ ಎನ್ನುವುದು ಬೇಡ. ಎಂಆರ್‌ಐ ಆಗುವವರೆಗೆ ಆ ಕಾಲಿಗೆ ಭಾರ ಹಾಕದಂತೆ ನೋಡಿಕೊಳ್ಳಿ. ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಿಗೆ ತೊಡೆಯಲ್ಲಿ ಅಥವಾ ತೊಡೆಸಂದಿನಲ್ಲಿ ಮಂದ ನೋವು ಬಂದರೆ, ಬಿರುಕು ಇದೆಯೇ ಎಂದು ನೋಡಲು ಎರಡೂ ತೊಡೆಮೂಳೆಗಳ ಪೂರ್ಣ ಉದ್ದದ ಎಕ್ಸ್-ರೇ ತೆಗೆಸಬೇಕು.

ಹರ್ನಿಯಾ ಗಂಡಸರ ಕಾಯಿಲೆ ಎಂಬ ನಂಬಿಕೆಯಿಂದ ಎಷ್ಟೋ ಸಲ ಆ ಜಾಗವನ್ನು ಮುಟ್ಟಿಯೂ ನೋಡಿರುವುದಿಲ್ಲ. ಹೆಂಗಸರಲ್ಲೂ ಇಂಗ್ವಿನಲ್ ಹರ್ನಿಯಾವೇ (ತೊಡೆಸಂದಿನ ಮಡಿಕೆಯ ಮೇಲಿನದು) ಹೆಚ್ಚು. ಆದರೆ ಫೆಮೊರಲ್ ಹರ್ನಿಯಾ (ಮಡಿಕೆಯ ಕೆಳಗಿನದು) ಗಂಡಸರಿಗಿಂತ ಅವರಲ್ಲಿ ಜಾಸ್ತಿ, ಅದರ ಕತ್ತು ಕಿರಿದು, ಕರುಳು ಬೇಗ ಸಿಕ್ಕಿಬೀಳುತ್ತದೆ. ನಿಲ್ಲಿಸಿ ನೋಡಿ, ಕೆಮ್ಮಿಸಿ ನೋಡಿ. ಹೊಟ್ಟೆಯ ಕೆಳತುದಿಯಲ್ಲಿ ಮುಂದಿರುವ ಪ್ಯೂಬಿಕ್ ಮೂಳೆಯ ಗುಬುಟಿನ ಕೆಳಗೆ, ಹೊರಮಗ್ಗುಲಿಗೆ ಪುಟ್ಟ ಗಂಟು ಕೈಗೆ ಸಿಗಬಹುದು. ಅದನ್ನು ದುಗ್ಧಗ್ರಂಥಿ ಎಂದು ಬರೆದು ಕಳಿಸುವುದು ಮಾಮೂಲಿ ತಪ್ಪು. ಗಂಟು ಗಟ್ಟಿಯಾಗಿ, ಒಳಗೆ ಹೋಗದೆ, ಮುಟ್ಟಿದರೆ ನೋವಾಗಿ, ವಾಂತಿಯೂ ಇದ್ದರೆ ನೇರ ಸರ್ಜರಿಗೆ ಕಳಿಸಿ. ಬಸುರಿಯರಲ್ಲಿ ರೌಂಡ್ ಲಿಗಮೆಂಟಿನ (ಗರ್ಭಕೋಶದಿಂದ ತೊಡೆಸಂದಿಗೆ ಬರುವ ಪಟ್ಟಿ) ಸುತ್ತಲಿನ ರಕ್ತನಾಳಗಳು ಊದಿ ಹರ್ನಿಯಾದಂತೆಯೇ ಕಾಣುತ್ತವೆ, ಡಾಪ್ಲರ್‌ನಲ್ಲಿ ವ್ಯತ್ಯಾಸ ತಿಳಿಯುತ್ತದೆ. ಮುಟ್ಟಿನ ದಿನಗಳಲ್ಲಿ ಊದಿ ನೋಯುವ ಗಂಟಾದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆಡೆ ಬೆಳೆಯುವುದು) ನೆನಪಿರಲಿ. ತೊಡೆಸಂದಿನ ಎಂಡೊಮೆಟ್ರಿಯೋಸಿಸ್ ಬಲಬದಿಯಲ್ಲೇ ಹೆಚ್ಚು.

ಗಂಟೇ ಇಲ್ಲದೆ ತಿಂಗಳ ಲೆಕ್ಕದಲ್ಲಿ ಬಂದುಹೋಗುವ ನೋವನ್ನು ಸ್ತ್ರೀರೋಗ ವಿಭಾಗವೇ ನೋಡಬೇಕು. ಹೊತ್ತು ಇಳಿದಂತೆ ಹೆಚ್ಚಾಗುವ, ನಿಂತರೆ ಭಾರವೆನಿಸುವ, ಸಂಭೋಗದ ನಂತರ ಗಂಟೆಗಟ್ಟಲೆ ಉಳಿಯುವ ನೋವು ಪೆಲ್ವಿಸ್‌ನ (ಕಿಬ್ಬೊಟ್ಟೆಯೊಳಗಿನ) ಊದಿದ ರಕ್ತನಾಳಗಳದ್ದಿರಬಹುದು. ಹೆಚ್ಚು ಹೆರಿಗೆಯಾದವರಲ್ಲಿ ಇದನ್ನು ಕೇಳಿ ನೋಡಬೇಕು.

ಉರಿ, ಚುಚ್ಚು, ಬಟ್ಟೆ ತಾಕಿದರೂ ಹಿಂಸೆ ಎಂದರೆ ನರ. ಸಿಸೇರಿಯನ್ ಅಡ್ಡಗಾಯದ ತುದಿಯಲ್ಲಿ ತೊಡೆಸಂದಿಗೆ ಹೋಗುವ ಇಲಿಯೊಇಂಗ್ವಿನಲ್ ನರ ಸಿಕ್ಕಿಹಾಕಿಕೊಂಡಿರಬಹುದು. ನೋಯುವ ಬಿಂದುವನ್ನು ಒತ್ತಿಹಿಡಿದು ತಲೆ, ಭುಜ ಎತ್ತಲು ಹೇಳಿ. ನೋವು ಹೆಚ್ಚಾದರೆ ಅದು ಹೊಟ್ಟೆಯ ಗೋಡೆಯದು. ಅಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ನೋವು ಮಾಯವಾದರೆ ನರದ ಅನುಮಾನ ಬಹುಮಟ್ಟಿಗೆ ನಿಜ. ಮೊಣಕಾಲುಗಳ ನಡುವೆ ಮುಷ್ಟಿ ಇಟ್ಟು ಒತ್ತಿಸಿದಾಗ ನೋವು ಬಂದರೆ ಒಳತೊಡೆಯ ಸ್ನಾಯು ಅಥವಾ ಎರಡು ಪ್ಯೂಬಿಕ್ ಮೂಳೆಗಳು ಮುಂದೆ ಕೂಡುವ ಪ್ಯೂಬಿಕ್ ಸಂಧಿ. ಬಸುರಿಯರಲ್ಲಿ ಮಗ್ಗುಲು ಬದಲಿಸುವಾಗ, ಮೆಟ್ಟಿಲೇರುವಾಗ ನೋವು ಬರುವುದು ಹೆಚ್ಚಾಗಿ ಈ ಸಂಧಿಯಿಂದಲೇ. ಹೊರಳುವಾಗ, ವಾಹನದಿಂದ ಇಳಿಯುವಾಗ ಮೊಣಕಾಲು ಜೋಡಿಸಿಕೊಂಡರೆ ಆರಾಮ ಸಿಗುತ್ತದೆ.

ಕೊನೆಗೆ ಸ್ಕ್ಯಾನ್ ಚೀಟಿ. 'ಪೆಲ್ವಿಕ್ ಪೇನ್' ಎಂದಷ್ಟೇ ಬರೆದರೆ ಮತ್ತೆ ಅದೇ ನಾರ್ಮಲ್ ರಿಪೋರ್ಟ್ ಬರುತ್ತದೆ. ಹರ್ನಿಯಾ ಅನುಮಾನವಿದ್ದರೆ 'ಎರಡೂ ತೊಡೆಸಂದು, ನಿಲ್ಲಿಸಿ, ಕೆಮ್ಮಿಸಿ, ಮುಕ್ಕಿಸಿ ನೋಡುವುದು' ಎಂದು ಬರೆಯಿರಿ. ಮೂಳೆಯ ಅನುಮಾನವಿದ್ದರೆ 'ಹಿಪ್ ಎಂಆರ್‌ಐ, ಸ್ಟ್ರೆಸ್ ಫ್ರಾಕ್ಚರ್ ಇದೆಯೇ' ಎಂದು ಪ್ರಶ್ನೆಯನ್ನೇ ಹಾಕಿ. ಕಡೆಯ ಮುಟ್ಟಿನ ದಿನಾಂಕ, ಹಳೆಯ ಆಪರೇಷನ್‌ಗಳು, ಬೆರಳಿಟ್ಟು ತೋರಿಸಿದ ಜಾಗ, ಇಷ್ಟೂ ಅದೇ ಚೀಟಿಯಲ್ಲಿರಲಿ.